ಸಪಾಟ ಕಾಲಿನ ರಂಗಪ್ಪ ಮಾಸ್ತರರು

ಮಳೆಗಾಲ ಮುಗಿದು ನೆಲ ಇನ್ನೂ ಮೆತ್ತಗಿರುವ ದಿನಗಳಲ್ಲಿ, ಗಜೇಂದ್ರಗಡದ ಹೈಸ್ಕೂಲಿನ ಮೈದಾನಕ್ಕೆ ಬೆಳಿಗ್ಗೆ ಮೊದಲು ಕಾಲಿಟ್ಟವರು ಯಾರೆಂದು ಪತ್ತೆ ಹಚ್ಚಲು ಪೊಲೀಸರು ಬೇಕಾಗಿರಲಿಲ್ಲ. ಉಳಿದ ಮನುಷ್ಯರ ಹೆಜ್ಜೆಯಲ್ಲಿ ಹಿಮ್ಮಡಿಗೂ ಬೆರಳಿಗೂ ನಡುವೆ ಒಂದು ಖಾಲಿ ಜಾಗ ಇರುತ್ತದೆ. ರಂಗಪ್ಪ ಮಾಸ್ತರರ ಹೆಜ್ಜೆಯಲ್ಲಿ ಅದು ಇರಲಿಲ್ಲ. ಹಂಚಿನ ಮೇಲೆ ಹಾಕಿದ ದಪ್ಪ ರೊಟ್ಟಿಯ ಹಾಗೆ ಪಾದ ಇಡಿಯಾಗಿ ಬೀಳುತ್ತಿತ್ತು. ಆ ರೊಟ್ಟಿಯ ಅಂಚಿಗೆ ಯಾರೋ ಬೆರಳು ಅಂಟಿಸಿ ಹೋದಂತೆ ಕಾಣುತ್ತಿತ್ತು.

ಡ್ರಿಲ್ ಮಾಸ್ತರರಾಗಿಯೂ ಅವರು ಬೂಟು ತೊಡುತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ, ಮೀಸೆಗೆ ಎಣ್ಣೆ. ಕೆಳಗೆ ನೋಡಿದರೆ ಬರಿಗಾಲು. ನಡೆದರೆ ಪಟ್, ಪಟ್ ಎಂದು ಸಪ್ಪಳ. ಬಾತುಕೋಳಿಗೆ ಸರಕಾರಿ ನೌಕರಿ ಸಿಕ್ಕರೆ ಹೀಗೇ ನಡೆದೀತು ಎಂದು ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ನಮ್ಮಪ್ಪನ ಚಹಾದಂಗಡಿಯಲ್ಲಿ ನಡೆದು ತೋರಿಸುತ್ತಿದ್ದೆ. ನೋಡಿದವರು ಬಸಿಯಲ್ಲಿನ ಚಹಾ ಚೆಲ್ಲಿಕೊಂಡು ನಗುತ್ತಿದ್ದರು. ಹೆಡ್‌ಮಾಸ್ತರರ ಕೆಮ್ಮು, ಕಂಡಕ್ಟರನ ಕೂಗು, ಅಸೂಟಿಯಿಂದ ಬರುವ ಹಾಲಿನವನ ಸುಳ್ಳು ಆಣೆ, ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ಅಪ್ಪ ಹಾಲಿಗೆ ನೀರು ಬೆರೆಸುವಾಗ ಬೀದಿಯ ಕಡೆ ಕಣ್ಣು ಹಾಯಿಸುವುದನ್ನೂ ಮಾಡುತ್ತಿದ್ದೆ. ಅದೊಂದಕ್ಕೆ ಅಪ್ಪ ನಗುತ್ತಿರಲಿಲ್ಲ. ಇನ್ನು ನನ್ನದೇ ಅಣಕ ಮಾಡಬೇಕೆಂದರೆ ಕಷ್ಟವೇನಿರಲಿಲ್ಲ. ಮೆಟ್ರಿಕ್ ಫಲಿತಾಂಶದ ದಿನದ ನನ್ನ ಮುಖವನ್ನು ಹಾಗೇ ಇಟ್ಟುಕೊಂಡರೆ ಸಾಕಿತ್ತು. ವರ್ಷ ವರ್ಷವೂ ಒಂದೇ ಮುಖ.

ಆ ಸಪಾಟ ಕಾಲಿನ ಕಥೆ ಊರಿಗೆಲ್ಲ ಗೊತ್ತಿತ್ತು. ಮಾಸ್ತರರು ಮೊದಲು ದೊಡ್ಡ ಊರಿನ ಕಾಲೇಜಿನಲ್ಲಿ ಡ್ರಿಲ್ ಕಲಿಸುತ್ತಿದ್ದರು. ಎರಡನೆಯ ಮಹಾಯುದ್ಧ ಜೋರಾಗಿದ್ದ ಕಾಲ. ಕಾಲೇಜಿನಲ್ಲಿ ನಮ್ಮ ಸೀಮೆಯ ಹುಡುಗರು ಮೂವರಿದ್ದರು: ದೊಡ್ಡ ಜಮೀನಿನವರ ಮಗ ರೋಣದ ಬಸನಗೌಡ; ಕಾಳಿನ ವ್ಯಾಪಾರಿಗಳ ಮಗ ನರಗುಂದದ ಮಲ್ಲಪ್ಪ; ನಮ್ಮ ಊರಿನ ಶಂಕ್ರಪ್ಪ, ಸೀರೆ ನೇಯುವ ನೀಲವ್ವನ ಒಬ್ಬನೇ ಮಗ, ನೇಕಾರರ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಮಾಸ್ತರರು ಈ ಮೂವರನ್ನು ಸಾಲಾಗಿ ನಿಲ್ಲಿಸಿ, "ಎದೀ ಐತಿ, ಕಾಲೈತಿ, ಇನ್ನೇನ ಬೇಕಲೇ ಗಂಡಸಿಗೆ? ದಂಡಿಗೆ ನಡೀರಿ. ನಾನೂ ಬರ್ತೀನಿ" ಎಂದರಂತೆ. ಹುಡುಗರು ನಡೆದರು. ಬೆಳಗಾವಿಯಲ್ಲಿ ಭರ್ತಿ ಮಾಡಿಕೊಳ್ಳುವ ಡಾಕ್ಟರ ನಾಲ್ವರ ಕಾಲಿಗೂ ನೀರು ಹಾಕಿಸಿ ಫರಸಿಕಲ್ಲಿನ ನೆಲದ ಮೇಲೆ ನಡೆಸಿದ. ಮೂವರ ಹೆಜ್ಜೆ ನೋಡಿ ತಲೆ ಆಡಿಸಿದ. ನಾಲ್ಕನೆಯವರ ಹೆಜ್ಜೆ ನೋಡಿ ನಕ್ಕ; ಸಪಾಟ ಕಾಲು ದಂಡಿಗೆ ನಡೆಯುವುದಿಲ್ಲವಂತೆ. ಹುಡುಗರು ಲಾರಿ ಹತ್ತಿದರು, ಮಾಸ್ತರರು ಕೆಳಗೆ ನಿಂತರು. ಲಾರಿ ತಿರುಗುವಾಗ ಶಂಕ್ರಪ್ಪ ಹಿಂದಿನಿಂದ ಬಗ್ಗಿ ಒದರಿದನಂತೆ: "ಸರ್, ನಾ ಬರೂದು ತಡಾ ಆದೀತ್ರಿ! ಗೈರಹಾಜರಿ ಹಾಕಬ್ಯಾಡ್ರಿ!"

ಅವನು ಡ್ರಿಲ್ಲಿಗೆ ಎಂದೂ ಸಮಯಕ್ಕೆ ಬಂದವನಲ್ಲ. ಬರ್ಮಾದ ಕಾಡಿನಿಂದ ಮೂವರಲ್ಲಿ ಒಬ್ಬರೂ ಬರಲಿಲ್ಲ.

ಆಗ ತೊಟ್ಟಿದ್ದ ಬೂಟನ್ನು ಮಾಸ್ತರರು ಬೆಳಗಾವಿಯಲ್ಲೇ ಬಿಟ್ಟು ಬಂದರು. ಯುದ್ಧ ಮುಗಿದ ಮೇಲೆ ಕಾಲೇಜನ್ನೂ ಬಿಟ್ಟು ನಮ್ಮ ಹೈಸ್ಕೂಲಿಗೆ ಬಂದು ಸೇರಿದರು. ಊರು ಅವರಿಗೆ ದೊಡ್ಡ ಮನಸ್ಸಿನಿಂದ ಜಾಗ ಕೊಟ್ಟಿತು, ಅಂದರೆ ನಗುವುದಕ್ಕೆ ಒಬ್ಬ ಬೇಕಾಗಿತ್ತು, ಅವರು ಸಿಕ್ಕರು. ಚಹಾ ಕುಡಿಯಲು ಬಂದರೆ ಯಾರಾದರೂ ಕೇಳಿಯೇ ಕೇಳುವರು: "ಏನ್ರಿ ಮಾಸ್ತರ, ಈ ವರ್ಷ ಯಾರ್ ಯಾರನ್ನ ಕಳಸಾವ್ರು?" ಖಾದಿ ತೊಟ್ಟ ಹಿರಿಯರೊಬ್ಬರು ಮೂಲೆಯ ಬಾಕಿನಿಂದ, "ನಾವು ಜೇಲಿಗೆ ಹೋಗಿ ಹುಳದ ರೊಟ್ಟಿ ತಿಂದ್ವಿ. ಇವ್ರ ಹುಡುಗ್ರು ಇಂಗ್ಲಿಷರ ಬಿಸ್ಕೀಟ ತಿಂದು ಸತ್ರು" ಎನ್ನುವರು. ಮಾಸ್ತರರು ಚಹಾ ಮುಗಿಸಿ, ಬಸಿ ಬೋರಲು ಹಾಕಿ, ಪಟ್ ಪಟ್ ಎಂದು ಹೋಗುವರು. ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ. ಸಿಟ್ಟನ್ನೆಲ್ಲ ನಮ್ಮ ಕಿವಿಗೆ ಉಳಿಸಿ ಇಡುತ್ತಿದ್ದರು. ಅವರು ಕಿವಿ ಹಿಂಡಿದರೆ ಸಂಜೆಯವರೆಗೂ ಬಿಸಿ ಇರುತ್ತಿತ್ತು. ಚಳಿಗಾಲದಲ್ಲಿ ಅದೂ ಒಂದು ಉಪಕಾರವೇ.

ಕಾಲೇಜಿನಲ್ಲಿ ಸಾಹೇಬರ ಕಾಲದಿಂದ ನವೆಂಬರ್ ಹನ್ನೊಂದರಂದು, ಬೆಳಿಗ್ಗೆ ಹನ್ನೊಂದು ಗಂಟೆಗೆ ಸತ್ತ ಸಿಪಾಯಿಗಳಿಗಾಗಿ ಎರಡು ನಿಮಿಷ ಮೌನ ನಿಲ್ಲುವ ಪದ್ಧತಿ ಇತ್ತು. ಸಾಹೇಬರು ಹೋದ ಮೇಲೆ ಕಾಲೇಜು ಅದನ್ನು ಬಿಟ್ಟಿತು. ಮಾಸ್ತರರು ಹೊತ್ತುಕೊಂಡು ಬಂದು ನಮ್ಮ ಮೈದಾನದಲ್ಲಿ ಇಳಿಸಿದರು. "ವರ್ಷಕ್ಕ ಒಂದ್ ದಿನ ಹುಚ್ಚಾಟ ಆಡ್ಲಿ ಬಿಡ್ರಿ" ಎಂದು ಹೆಡ್‌ಮಾಸ್ತರರು ಸುಮ್ಮನಿದ್ದರು. ಆದರೆ ನಮ್ಮ ಮಾಸ್ತರರ ಆಚರಣೆ ಬರೀ ಮೌನದ್ದಲ್ಲ. ಮೊದಲು ಹಾಜರಿ. ಸತ್ತವರ ಹಾಜರಿ. ಮೂವರ ಹೆಸರಿಗೆ ಉತ್ತರ ಕೊಡಲು ನಮ್ಮಲ್ಲಿ ಮೂವರನ್ನು ಆರಿಸುತ್ತಿದ್ದರು. ಗೈರುಹಾಜರಿ ಹಾಕಬೇಡಿ ಎಂದು ಶಂಕ್ರಪ್ಪ ಹೇಳಿದ್ದನಲ್ಲ, ಅವರು ಹಾಕುತ್ತಿರಲಿಲ್ಲ.

ನಾನು ಶಂಕ್ರಪ್ಪನಾದದ್ದು ಹೆಡ್‌ಮಾಸ್ತರರ ಕೆಮ್ಮಿನ ಅಣಕದಿಂದ. ಬೇವಿನ ಗಿಡದ ಹಿಂದೆ ಕೆಮ್ಮುತ್ತಿದ್ದಾಗ ಸಿಕ್ಕಿಬಿದ್ದೆ. ಮಾಸ್ತರರು ಕಿವಿ ಹಿಡಿದೇ ಕೇಳಿದರು:

"ಯಾರ ದನಿನಾರ ಬರತೈತೇನಲೇ ಮಂಗ್ಯಾ?"

"ಒಮ್ಮಿ ಕೇಳಿದ್ರ ಬರತೈತ್ರಿ ಸರ್."

"ಕೇಳದs ಇದ್ರ?"

"ನೀವು ಮಾಡಿ ತೋರಿಸಿದ್ರ..."

ಕಿವಿ ಬಿಟ್ಟರು. ಅಂದಿನಿಂದ ಸಂಜೆ ಸಂಜೆ ತಾಲೀಮು. ಶಂಕ್ರಪ್ಪ ಹೆಸರು ಕರೆದ ಕೂಡಲೇ ಉತ್ತರ ಕೊಡುತ್ತಿರಲಿಲ್ಲವಂತೆ. ಎರಡನೆಯ ಸಲ ಕರೆದಾಗ ಎಲ್ಲಿಂದಲೋ ಓಡಿ ಬರುತ್ತ, ಉಬ್ಬಸದ ನಡುವೆ ನಗು ಬೆರೆಸಿ, "ಬಂದ್ನಿರಿ ಸರ್, ಬಂದೆ!" ಎನ್ನುತ್ತಿದ್ದನಂತೆ. ಎರಡನೆಯ 'ಬಂದೆ' ಮೊದಲಿನದಕ್ಕಿಂತ ಎತ್ತರ. ಮಾಸ್ತರರಿಗೆ ಆ ದನಿ ಬರುತ್ತಿರಲಿಲ್ಲ. ಕಾಗೆ ಕೋಗಿಲೆಯನ್ನು ವರ್ಣಿಸಿದಂತೆ ಕೈಯಾಡಿಸಿ ಹೇಳುವರು. "ಇನ್ನ ಸೊಲ್ಪ ಮ್ಯಾಲೆ. ಅಷ್ಟ ಅಲ್ಲಲೇ, ಸತ್ತಿಯೇನು? ನಗು. ಆದ್ರ ಹಲ್ಲ ಬಿಡಬ್ಯಾಡ." ಒಂದು ದಿನ ದನಿ ಸರಿಯಾಗಿ ಕೂತಿತು. ಮಾಸ್ತರರು ಮುಖ ತಿರುಗಿಸಿ ಸೀಟಿಯನ್ನು ಅಂಗಿಯ ತುದಿಯಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ತಿರುಗಿ, "ತಡಾ ಮಾಡಿ ಬಂದಿ. ಮೈದಾನಕ್ಕ ಸುತ್ತ ಹಾಕು" ಎಂದರು.

"ಸರ್, ನೀವs ತಡಾ ಮಾಡು ಅಂದ್ರಿ!"

"ಅವನೂ ಹಿಂಗs ವಾದಾ ಮಾಡ್ತಿದ್ದ. ಓಡು."

ತಪ್ಪು ಮಾಡುವುದನ್ನು ಕಲಿಸಿ, ಸರಿಯಾಗಿ ತಪ್ಪು ಮಾಡಿದ್ದಕ್ಕೆ ಶಿಕ್ಷೆ ಕೊಡುವ ಗುರು ನನಗೆ ಅವರೊಬ್ಬರೇ. ನಾನು ಮೆಟ್ರಿಕ್ಕಿನಲ್ಲಿ ಬಿದ್ದು ಬಿದ್ದು ಅಲ್ಲೇ ಉಳಿದದ್ದರಿಂದ ಶಂಕ್ರಪ್ಪನ ಹುದ್ದೆಯೂ ನನಗೇ ಉಳಿಯಿತು. ರೋಣದ ಬಸನಗೌಡರು ಪಾಸಾಗಿ ಹೋದರು, ಹೊಸ ಬಸನಗೌಡರು ಬಂದರು. ನರಗುಂದದ ಮಲ್ಲಪ್ಪನಿಗೆ ತಲಾಟಿ ಕಚೇರಿಯಲ್ಲಿ ನೌಕರಿಯೂ ಆಯಿತು. ಸತ್ತು ಸುಧಾರಿಸದೆ ಉಳಿದವನು ನಾನೊಬ್ಬ.

ಮೊದಲ ವರ್ಷದ ಆ ದಿನ ಹೀಗಿತ್ತು. ಇಡೀ ಶಾಲೆ ಸಾಲುಗಟ್ಟಿ ನಿಂತಿತ್ತು. ನನ್ನನ್ನು ಬೇವಿನ ಗಿಡದ ಹಿಂದೆ ನಿಲ್ಲಿಸಿದ್ದರು.

"ರೋಣದ ಬಸನಗೌಡ!"

"ಹಾಜರ್ ಸರ್!"

"ನರಗುಂದದ ಮಲ್ಲಪ್ಪ!"

"ಹಾಜರ್ ಸರ್!"

"ಗಜೇಂದ್ರಗಡದ ಶಂಕ್ರಪ್ಪ!"

ಸುಮ್ಮನಿರಬೇಕು. ಇದ್ದೆ. "ಶಂಕ್ರಪ್ಪಾ!" ಎಂದು ಎರಡನೆಯ ಸಲ ಕರೆದಾಗ ಗಿಡದ ಹಿಂದಿನಿಂದ ಓಡುತ್ತ ಬಂದು, "ಬಂದ್ನಿರಿ ಸರ್, ಬಂದೆ!" ಎಂದೆ.

ಶಾಲೆಯ ಗೋಡೆಯ ಆಚೆಯಿಂದ ಏನೋ ಬಿದ್ದ ಸಪ್ಪಳವಾಯಿತು. ಗೋಡೆ ಎದೆಯುದ್ದ ಎತ್ತರ. ಅದರ ಆಚೆ ಕೆಂಪು ಸೆರಗಿನ ತಲೆಯೊಂದು ಕಾಣುತ್ತಿತ್ತು. ನೀಲವ್ವ. ಪ್ರತಿ ವರ್ಷ ಆ ಹೊತ್ತಿಗೆ ಆಕೆ ಬಂದು ನಿಲ್ಲುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಕೈಯಲ್ಲಿದ್ದ ನೂಲಿನ ಬುಟ್ಟಿ ಬಿದ್ದಿತ್ತು. ಆಕೆ ಗೋಡೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ನಾಟಕದವರಿಗೆ ಚಪ್ಪಾಳೆ ಸಿಕ್ಕಿರಬಹುದು, ನೂಲಿನ ಬುಟ್ಟಿ ಬಿದ್ದದ್ದು ನನಗೊಬ್ಬನಿಗೇ ಎಂದು ಆ ವಯಸ್ಸಿಗೆ ತಕ್ಕ ಹಾಗೆ ಉಬ್ಬಿಹೋದೆ.

"ತಡಾ! ಸುತ್ತ ಹಾಕು!" ಎಂದು ನನ್ನನ್ನು ಓಡಿಸಿ ಮಾಸ್ತರರು ಸೀಟಿ ಊದಿದರು. ಎರಡು ನಿಮಿಷದ ಮೌನ ಶುರುವಾಯಿತು. ಮತ್ತು ಅದೇ ಕ್ಷಣಕ್ಕೆ ನೀಲವ್ವನ ಬಾಯಿಯೂ ಶುರುವಾಯಿತು.

"ಏ ಸಪಾಟ ಕಾಲಿನ ಮೂಳಾ! ನಿನ್ನ ಬಾಯಾಗ ಮಣ್ಣ ಬೀಳ್ಲಿ! ನನ್ನ ಮಗನ ಕಾಲ ನೆಟ್ಟಗಿದ್ದೂವಂತ ಮಸಣಕ್ಕ ಕಳಿಸಿದಿ, ನಿನ್ನ ಕಾಲ ಸೊಟ್ಟಂತ ಮನಿಗೆ ಬಂದಿ! ನಾನೂ ಬರ್ತೀನಿ ಅಂದಿದ್ಯಲ್ಲೋ, ಹೋಗಲೋ, ಈಗರ ಹೋಗು! ನಿನ್ನ ಬಾಳಿನ ಹಾಸು ನಡುವ ಹರೀಲಿ! ಹರಿದ ಎಳಿ ಕೂಡಸಾಕ ಒಂದ್ ಕೈನೂ ಸಿಗದಂಗ ಆಗ್ಲಿ! ಹೆಣಾ ಎತ್ತಾಕ ನಾಕ್ ಮಂದಿ ಬಂದ್ರೂ, ಅಳಾಕ ಒಂದ್ ನಾಯಿ ಬರಬಾರ್ದು ನಿನಗ!"

ಇಡೀ ಶಾಲೆ ಅಲುಗಾಡದೆ ನಿಂತಿತ್ತು. ಮಾಸ್ತರರು ಗೋಡೆಯ ಕಡೆ ಮುಖ ಮಾಡಿ, ಎದೆ ಸೆಟೆಸಿ, ಹಿಮ್ಮಡಿ ಕೂಡಿಸಿ ನಿಂತಿದ್ದರು. ಓಡುತ್ತ ನಾನು ಗೋಡೆಯ ಹತ್ತಿರ ಬಂದಾಗ ನೀಲವ್ವ ಮಾತು ನಿಲ್ಲಿಸಿದಳು. ನಾನು ದಾಟಿ ಹೋಗುವವರೆಗೆ ನನ್ನ ಕಾಲುಗಳನ್ನು ನೋಡಿದಳು. ದಾಟಿದ ಮೇಲೆ ಬೈಗುಳ ಬಿಟ್ಟಲ್ಲಿಂದಲೇ ಮುಂದುವರಿಯಿತು. ಎರಡು ನಿಮಿಷವೆಂಬುದು ಹೆಸರಿಗೆ. ಆಕೆಯದು ಮುಗಿಯುವವರೆಗೆ ಮಾಸ್ತರರು ಎರಡನೆಯ ಸೀಟಿ ಊದುತ್ತಿರಲಿಲ್ಲ. ಕೊನೆಗೆ ಆಕೆಯ ದನಿ ಒಡೆದು, ಸೆರಗು ಬಾಯಿಗೆ ಬಂದು, ಅಳು ಸಣ್ಣದಾಗಿ ಕುಂಯ್ ಎಂದು ಹೊರಟು, ಆಕೆ ಬುಟ್ಟಿ ಎತ್ತಿಕೊಂಡು ಹೋಗುವಳು. ಮಾಸ್ತರರು ಬರಿದಾದ ಗೋಡೆಗೆ ಸೆಲ್ಯೂಟ್ ಹೊಡೆದು ಸೀಟಿ ಊದುವರು.

ಮರುದಿನದಿಂದ ನೀಲವ್ವನ ಬೈಗುಳವೂ ನನ್ನ ಗಂಟಲಿಗೆ ಸೇರಿತು. ಚಹಾದಂಗಡಿಯಲ್ಲಿ ಅದಕ್ಕೆ ಬೇಡಿಕೆ ಹೆಚ್ಚು. ತಲೆಗೆ ಟವೆಲ್ಲು ಹೊದ್ದು, "ಏ ಸಪಾಟ ಕಾಲಿನ ಮೂಳಾ!" ಎಂದರೆ ಗದಗಿನ ಬಸ್ಸು ಹೊರಡುವುದನ್ನೂ ಮರೆಯುತ್ತಿತ್ತು.

ನನ್ನ ಶಂಕ್ರಪ್ಪನ ಅವತಾರದ ಕೊನೆಯ ವರ್ಷ, ಕಾಲೇಜಿನವರಿಗೆ ಇದ್ದಕ್ಕಿದ್ದಂತೆ ತಮ್ಮ ಸತ್ತ ಹುಡುಗರ ನೆನಪಾಯಿತು. ಯುದ್ಧದಲ್ಲಿ ಮಡಿದವರ ಹೆಸರು ಕೆತ್ತಿಸಿದ ಕಲ್ಲೊಂದನ್ನು ದೊಡ್ಡ ಸಭಾಂಗಣದ ಗೋಡೆಗೆ ಕೂಡಿಸಿ, ದಸರೆಯ ರಜೆಗೆ ಮುಂಚೆ ಪರದೆ ಸರಿಸುವ ಸಮಾರಂಭ ಇಟ್ಟರು. ಮಾಸ್ತರರು ನೀಲವ್ವನ ಮನೆಗೆ ಹೋದರು. ಜತೆಗೆ ನಾನು. ಆಕೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಮಾಸ್ತರರು ಹೊಸ್ತಿಲ ಆಚೆ ನಿಂತೇ ಹೇಳಿದರು:

"ಅವ್ವಾರ, ಕಾಲೇಜಿನ್ಯಾಗ ಶಂಕ್ರನ ಹೆಸರು ಕಲ್ಲಿನ್ಯಾಗ ಕೆತ್ತಸ್ಯಾರ್ರಿ. ಬರ್ತೀರೇನ್ರಿ, ಕರ್ಕೊಂಡ್ ಹೊಕ್ಕೀನಿ."

ನೀಲವ್ವ ಲಾಳಿ ನಿಲ್ಲಿಸಲಿಲ್ಲ. "ಆ ಕಲ್ಲು ಯವ್ವಾ ಅಂತೈತೇನು?"

ಮಾಸ್ತರರು ತಲೆ ತಗ್ಗಿಸಿದರು.

"ಮತ್ತ ಯಾಕ ಬರ್ಲಿ? ನೀನs ಹೋಗಿ ನೆಕ್ಕಿ ಬಾ."

ನಾವಿಬ್ಬರೇ ಹೋದೆವು. ಸಭಾಂಗಣದಲ್ಲಿ ನಮ್ಮನ್ನು ಹಿಂದೆ, ಜವಾನರ ಬಾಕಿನ ಮೇಲೆ ಕೂಡಿಸಿದರು. ರೋಣದ ಗೌಡರು ಮುಂದಿನ ಸಾಲಿನಲ್ಲಿ ಜರಿಯ ರುಮಾಲು ಸುತ್ತಿ ಕೂತಿದ್ದರು. ನರಗುಂದದ ವ್ಯಾಪಾರಿಗಳು ತಾವು ಬಾರದೆ ಗುಮಾಸ್ತನನ್ನು ಕಳಿಸಿದ್ದರು. ಪರದೆ ಸರಿದು, ಹಾರ ಬಿದ್ದು, ಅತಿಥಿಗಳು ಭಾಷಣಕ್ಕೆ ನಿಂತರು. ದುಂಡಗಿನ ದನಿ, ಬೆಣ್ಣೆ ಹಚ್ಚಿದ ಮಾತು. ನಾನು ಒಳಗೊಳಗೇ ಕಲಿತುಕೊಳ್ಳುತ್ತಿದ್ದೆ. "ಈ ತರುಣರನ್ನು ಯಾರೂ ಕಳಿಸಲಿಲ್ಲ. ತಮ್ಮ ಅಂತಃಕರಣದ ಕರೆಗೆ ಓಗೊಟ್ಟು ತಾವೇ ಹೋದರು..."

ಪಕ್ಕದಲ್ಲಿ ಬಾಕು ಕಿರುಗುಟ್ಟಿತು. ಮಾಸ್ತರರು ಎದ್ದು ನಿಂತಿದ್ದರು.

"ಸುಳ್ಳ್ರೀ ಅದು."

ಸಭೆ ತಿರುಗಿ ನೋಡಿತು.

"ನಾ ಕಳಿಸಿದೆನ್ರಿ. ಆ ಹುಡುಗ್ರಿಗೆ ಅಂತಃಕರ್ಣ ಗಿಂತಃಕರ್ಣ ಏನೂ ಗೊತ್ತಿರ್ಲಿಲ್ರಿ. ನಾ ನಡೀರಿ ಅಂದೆ, ನಡದ್ರು. ನಾನೂ ಬರ್ತೀನಿ ಅಂದಿದ್ದೆ, ಬರ್ಲಿಲ್ಲ. ಆ ಕಲ್ಲಿನ್ಯಾಗ ಅದನ್ನೂ ಬರೀರಿ."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಭೆಯೆಲ್ಲ ಮೆಲ್ಲಗೆ ನಗುವಿಗೆ ಬಿತ್ತು. ಇಬ್ಬರು ಜವಾನರು ಬಂದು ಮಾಸ್ತರರ ರಟ್ಟೆ ಹಿಡಿದು, ಬಹಳ ಗೌರವದಿಂದ, ಹೊರಗೆ ದಬ್ಬಿದರು. ಬಾಗಿಲಲ್ಲಿ ಪೇಢೆ ಹಂಚುವವನಿಗೆ ಒಳಗೆ ನಡೆದದ್ದು ಗೊತ್ತಿರಲಿಲ್ಲ. "ಸಾವಕಾಶ ಹೋಗಿ ಬರ್ರಿ" ಎಂದು ಇಬ್ಬರ ಕೈಯಲ್ಲೂ ಪೇಢೆ ಇಟ್ಟ.

ಬಸ್ಸಿನಲ್ಲಿ ಗದಗು ದಾಟುವವರೆಗೆ ಮಾಸ್ತರರು ಪೇಢೆಯನ್ನು ಅಂಗೈಯಲ್ಲೇ ಹಿಡಿದಿದ್ದರು. ಆಮೇಲೆ ನನಗೆ ಕೊಟ್ಟರು. "ತಿನ್ನು. ಶಂಕ್ರನ ಪಾಲಿಂದು." ನಾನು ತಿಂದೆ. ಇಂಥ ವಿಷಯದಲ್ಲಿ ನನಗೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ತಿನ್ನುತ್ತಲೇ ಕೇಳಿದೆ: "ಸರ್, ನೀವು ಎಲ್ಲಾ ಊರ ಬಿಟ್ಟು ನಮ್ಮೂರಿಗೇ ಯಾಕ ಬಂದ್ರಿ? ಆ ಮುದಿಕಿ ಬಾಯಿಗೆ?"

ಅವರು ಕಿಟಕಿಯ ಆಚೆ ಹತ್ತಿಯ ಹೊಲಗಳನ್ನು ನೋಡುತ್ತ ಹೇಳಿದರು:

"ಲಡಾಯಿ ಮುಗದ್ ಮ್ಯಾಲೆ ಮೂರೂ ಮನಿಗೆ ಹೋಗಿದ್ನಲೇ. ಮದಲ ರೋಣಕ್ಕ ಹೋದೆ. ಗೌಡ್ರು ಕುರ್ಚಿ ಹಾಕ್ಸಿದ್ರು, ಮಜ್ಜಿಗಿ ಕೊಟ್ರು. ಮಗಾ ವೀರ ಆದ, ನಿಮ್ಮ ಉಪಕಾರ ಅಂದ್ರು. ಆ ಮಜ್ಜಿಗಿ ನನ್ನ ಗಂಟಲದಾಗ ಇನ್ನೂ ಐತಿ. ನರಗುಂದದಾಗ ಅವರಪ್ಪ ಒಂದೂ ಮಾತಾಡ್ಲಿಲ್ಲ. ಅಂಗಡಿ ಬಾಗಲಾ ಹಾಕ್ಕೊಂಡ ಒಳಗ ಹೋದ. ಕಡೀಕ ಇಲ್ಲಿಗೆ ಬಂದೆ. ನೀಲವ್ವ ನನ್ನ ನೋಡಿದಾಕೆನ ಕಸಬರಗಿ ತಗೊಂಡ ಓಣಿ ತುದೀ ತನಕ ಬಡದ್ಲು." ಅವರ ಮುಖದಲ್ಲಿ ನಾನು ಮೊದಲ ಸಲ ನಗುವಿನಂಥದ್ದೊಂದನ್ನು ನೋಡಿದೆ. "ಅವತ್ತ ರಾತ್ರಿ ನನಗ ನಿದ್ದಿ ಬಂತು. ಇದs ನನ್ನ ಊರು ಅಂತ ತಿಳ್ಕೊಂಡೆ."

ಊರು ಮುಟ್ಟಿದ ಮರುಬೆಳಿಗ್ಗೆ ಚಹಾದಂಗಡಿಯಲ್ಲಿ ನಾನು ಕಾಲೇಜಿನ ಆಟ ಆಡಿದೆ. ಅತಿಥಿಗಳ ಬೆಣ್ಣೆ ಮಾತು, ಮಾಸ್ತರರ "ಸುಳ್ಳ್ರೀ ಅದು", ಜವಾನರು ರಟ್ಟೆ ಹಿಡಿದದ್ದು, ಪೇಢೆ, ಒಂದನ್ನೂ ಬಿಡಲಿಲ್ಲ. ಅಂಗಡಿ ಬಿದ್ದು ಬಿದ್ದು ನಕ್ಕಿತು. ಖಾದಿಯ ಹಿರಿಯರು ಕಣ್ಣೊರೆಸಿಕೊಂಡು, "ಇನ್ನೊಮ್ಮಿ ಮಾಡಲೇ" ಎಂದರು. ಚಹಾದಂಗಡಿಯಿಂದ ನೇಕಾರರ ಓಣಿಗೆ ದೂರವೇನು? ಮಧ್ಯಾಹ್ನದೊಳಗೆ ಆಟ ಅಲ್ಲಿಗೂ ಹೋಯಿತು.

ನವೆಂಬರ್ ಹನ್ನೊಂದು ಬಂತು. ಹಾಜರಿ ಆಯಿತು. ನಾನು ತಡವಾಗಿ ಬಂದೆ, ಓಡಿದೆ. ಮಾಸ್ತರರು ಸೀಟಿ ಊದಿದರು. ಗೋಡೆಯ ಮೇಲೆ ಕೆಂಪು ಸೆರಗು ಇರಲಿಲ್ಲ.

ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಮೌನ ನಿಜವಾಗಿ ಮೌನವಾಗಿತ್ತು. ದೂರದ ಗಿರಣಿಯ ಸದ್ದು, ಬೇವಿನ ಗಿಡದಲ್ಲಿ ಗುಬ್ಬಿ, ನನ್ನ ಉಸಿರು. ನಾನು ಸುತ್ತು ಮುಗಿಸಿ ಬಂದು ಸಾಲಿಗೆ ನಿಂತೆ. ಮಾಸ್ತರರು ಎರಡನೆಯ ಸೀಟಿ ಊದಲಿಲ್ಲ. ಗೋಡೆಯನ್ನೇ ನೋಡುತ್ತ ನಿಂತರು. ಬಿಸಿಲು ನೆತ್ತಿಗೆ ಬಂತು. ಸಣ್ಣ ತರಗತಿಯ ಹುಡುಗನೊಬ್ಬ ಕುಸಿದು ಬಿದ್ದ. ಅವನನ್ನು ಎತ್ತಲು ಬಗ್ಗಿದವನಿಗೆ, "ಅಲಗಬ್ಯಾಡ! ಇನ್ನ ಮುಗದಿಲ್ಲ!" ಎಂದು ಗದರಿದರು. ಕೊನೆಗೆ ಹೆಡ್‌ಮಾಸ್ತರರೇ ಕೆಮ್ಮುತ್ತ ಓಡಿ ಬಂದು ನಮ್ಮನ್ನು ಬಿಡಿಸಿದರು. ಎಲ್ಲ ಹೋದ ಮೇಲೂ ಮಾಸ್ತರರು ಅಲ್ಲೇ ಇದ್ದರು. ಆಮೇಲೆ ನನ್ನ ರಟ್ಟೆ ಹಿಡಿದು, "ನಡಿ, ಆಕಿಗೆ ಆರಾಮ ಇಲ್ಲೇನ ನೋಡೂಣು" ಎಂದು ನೇಕಾರರ ಓಣಿಗೆ ಎಳೆದರು.

ನೀಲವ್ವ ಗುಂಡಕಲ್ಲಿನಂತೆ ಗಟ್ಟಿಯಾಗಿ ಮಗ್ಗದಲ್ಲಿ ಕೂತಿದ್ದಳು.

"ಅವ್ವಾರ," ಎಂದರು ಮಾಸ್ತರರು, ಹೊಸ್ತಿಲ ಆಚೆಯಿಂದ. "ಇವತ್ತ ಬರ್ಲಿಲ್ಲಲ್ರಿ."

"ಯಾಕ ಬರ್ಲಿ? ಮಂದಿ ಮುಂದ ನೀನs ಎಲ್ಲಾ ಹೇಳ್ಕೊಂಡ್ಯಂತ. ಈ ಚಹಾದಂಗಡ್ಯಾವ ಊರ ತುಂಬ ಮಾಡಿ ತೋರ್ಸ್ಯಾನ. ಇನ್ನ ನಾ ಹೇಳೂದೇನ ಉಳಿದೈತಿ?"

"ಹಂಗಲ್ರಿ ಅವ್ವಾರ. ನಾ ಹೇಳ್ಕೊಂಡ್ರ ಮಂದಿ ನಗತಾರ. ನೀವು ಬೈಬೇಕ್ರಿ. ನೀವು ಬೈದ್ರನ ನನಗ..."

ಲಾಳಿ ನಿಂತಿತು. ನೀಲವ್ವ ತಿರುಗಿ, ಬಹುಶಃ ಮೊದಲ ಸಲ, ಮಾಸ್ತರರ ಮುಖವನ್ನು ಸಾವಕಾಶವಾಗಿ ನೋಡಿದಳು. ಬಟ್ಟೆಯಲ್ಲಿ ಎಳೆ ಎಲ್ಲಿ ತಪ್ಪಿದೆ ಎಂದು ಹುಡುಕುವವಳಂತೆ ನೋಡಿದಳು. ಅದು ಸಿಕ್ಕಿತು.

"ಓಹೋ," ಎಂದಳು. ದನಿ ಮೆತ್ತಗಿತ್ತು. "ನಿನಗ ಇದು ಊಟ ಆಗಿತ್ತೇನು? ಇಷ್ಟ ವರ್ಷ ನಾನs ಕಲಸಿ ಕಲಸಿ ನಿನಗ ತಿನ್ನಿಸಿದ್ನೇನು?"

ಮಾಸ್ತರರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಹಂಗಾದ್ರ ಇನ್ನ ಉಪಾಸ ಇರು."

ಮಗ್ಗ ಮತ್ತೆ ಶುರುವಾಯಿತು. ಟಕ್-ಟಕಾ, ಟಕ್-ಟಕಾ. ನಾವು ಓಣಿ ದಾಟುವವರೆಗೂ ಆ ಸಪ್ಪಳ ಬೆನ್ನ ಹಿಂದೆ ಬಂತು.

ಆ ವರ್ಷ ನಾನು ಮೆಟ್ರಿಕ್ ಪಾಸಾಗುವ ಅಪಾಯದಿಂದ ಪಾರಾಗಿ ಶಾಲೆ ಬಿಟ್ಟು ಅಪ್ಪನ ಅಂಗಡಿಯಲ್ಲಿ ಬಸಿ ತೊಳೆಯಲು ನಿಂತೆ. ಮಾಸ್ತರರು ಒಂದೇ ವರ್ಷದಲ್ಲಿ ಇಳಿದುಹೋದರು. ಮೀಸೆಗೆ ಎಣ್ಣೆ ಇಲ್ಲ, ಅಂಗಿಗೆ ಇಸ್ತ್ರಿ ಇಲ್ಲ. ಹುಡುಗರ ಕಿವಿಗೂ ಮೊದಲಿನ ಬಿಸಿ ಸಿಗುತ್ತಿರಲಿಲ್ಲವಂತೆ. ನೀಲವ್ವ ಬೀದಿಯಲ್ಲಿ ಎದುರಾದರೆ, "ಆರಾಮ ಅದೀರೇನ್ರಿ ಮಾಸ್ತರ?" ಎಂದು ನಯವಾಗಿ ಕೇಳುತ್ತಿದ್ದಳು. ಮುಂಚೆ 'ಮೂಳಾ' ಎಂದಾಗ ಸೆಟೆದು ನಿಲ್ಲುತ್ತಿದ್ದ ಮನುಷ್ಯ, ಈ 'ರಿ' ಕಿವಿಗೆ ಬಿದ್ದರೆ ಗೋಡೆಗೆ ಸರಿದು ನಿಲ್ಲುವರು.

ಮುಂದಿನ ನವೆಂಬರದಲ್ಲಿ ಹೆಡ್‌ಮಾಸ್ತರರು ಹಾಜರಿ, ಮೌನ ಎರಡನ್ನೂ ಬಂದ್ ಮಾಡಿಸಿದರು. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಮಾಸ್ತರರು ಅಂಗಡಿಗೆ ಬಂದರು. ಚಹಾ ಬೇಡ ಎಂದರು.

"ಮಂಗ್ಯಾ, ನೀಲವ್ವನ ದನಿ ಬರತೈತಲ್ಲ ನಿನಗ?"

"ಬರತೈತ್ರಿ."

"ಟವೆಲ್ಲ ತಗೊಂಡ್ ಮೈದಾನಕ್ಕ ಬಾ."

ನಾನು ಗೋಡೆಯ ಆಚೆ, ಆಕೆ ನಿಲ್ಲುತ್ತಿದ್ದ ಜಾಗದಲ್ಲೇ ಟವೆಲ್ಲು ಹೊದ್ದು ನಿಂತೆ. ಖಾಲಿ ಮೈದಾನದ ನಡುವೆ ಅವರೊಬ್ಬರೇ. ಸೀಟಿ ಊದಿ, ಹಿಮ್ಮಡಿ ಕೂಡಿಸಿ ನಿಂತರು. ನಾನು ಶುರು ಮಾಡಿದೆ. "ಏ ಸಪಾಟ ಕಾಲಿನ ಮೂಳಾ!" ಸುಳ್ಳೇಕೆ, ಮೊದಮೊದಲು ಖುಷಿಯೇ ಆಯಿತು. ನನ್ನ ಕಿವಿಯ ಹಳೆಯ ಲೆಕ್ಕವೂ ಇತ್ತಲ್ಲ. ಬಾಯಲ್ಲಿ ಮಣ್ಣು ಹಾಕಿದೆ, ಮಸಣಕ್ಕೆ ಕಳಿಸಿದೆ, ಹಾಸು ಹರಿದೆ, ಹೆಣ ಎತ್ತಿದೆ, ನಾಯಿಯನ್ನೂ ಅಳುವುದಕ್ಕೆ ಬಿಡಲಿಲ್ಲ. ಒಂದೂ ಎಳೆ ತಪ್ಪದೆ, ಆಕೆಯ ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಉಸಿರು ತೆಗೆದುಕೊಂಡು ಪೂರಾ ಮುಗಿಸಿದೆ. ಚಹಾದಂಗಡಿಯಾಗಿದ್ದರೆ ಛಾವಣಿ ಹಾರುತ್ತಿತ್ತು.

ಮಾಸ್ತರರು ಇನ್ನೂ ಸೆಟೆದೇ ನಿಂತಿದ್ದರು. ಏನೋ ಬರಬೇಕೆಂದು ಕಾಯುತ್ತಿದ್ದಂತೆ ಕಂಡಿತು.

"ಮುಗೀತ್ರಿ ಸರ್," ಎಂದೆ.

"ಚಲೋ ಮಾಡಿದಿ," ಎಂದರು. "ಆದ್ರ ಕಡೀಕ ಆಕಿ ಅಳ್ತಿದ್ಲಲ್ಲ. ಅದನ್ನ ಬಿಟ್ಟಿ."

ನಾನು ಟವೆಲ್ಲು ಬಾಯಿಗೆ ಒತ್ತಿ ಪ್ರಯತ್ನಿಸಿದೆ. ನಾಯಿಮರಿ ಕುಂಯ್ಗುಟ್ಟಿದಂತೆ ಬಂತು. ಮತ್ತೊಮ್ಮೆ ಮಾಡಿದೆ. ಇನ್ನೂ ಕೆಟ್ಟದಾಗಿ ಬಂತು.

"ಬರವಲ್ದ್ರಿ ಸರ್."

"ಹೌದು," ಎಂದರು. "ಅದು ಬರಂಗಿಲ್ಲ."

ಗೋಡೆಗೆ ಸೆಲ್ಯೂಟ್ ಹೊಡೆಯಲಿಲ್ಲ. ಎರಡನೆಯ ಸೀಟಿಯನ್ನೂ ಊದಲಿಲ್ಲ. ಪಟ್, ಪಟ್ ಎಂದು ಹೊರಟು ಹೋದರು. ಅವರೊಂದಿಗೆ ನಾನು ಮಾತಾಡಿದ್ದು ಅದೇ ಕೊನೆ.

ಮುಂದಿನ ಮಳೆಗಾಲದ ಮೊದಲ ಹದ ಮಳೆಗೆ ಮಾಸ್ತರರು ತಮ್ಮ ಬಾಡಿಗೆ ಕೋಣೆಯಲ್ಲಿ ತೀರಿಹೋದರು. ಹಿಂದೆ ಮುಂದೆ ಯಾರೂ ಇರಲಿಲ್ಲ. ಹೆಣ ಎತ್ತಲು ನಾಲ್ಕು ಮಂದಿ ಸಿಕ್ಕರು, ಮುಂದಿನ ಎಡಗಡೆ ನಾನು. ಅಳಲು ಯಾರೂ ಇರಲಿಲ್ಲ. ನೀಲವ್ವನ ಬಾಯಿ ಅಷ್ಟರ ಮಟ್ಟಿಗೆ ಖರೇ ಆಯಿತು. ಚಟ್ಟದ ಬಟ್ಟೆ ಗಿಡ್ಡವಾಗಿ ಪಾದ ಹೊರಗೆ ಉಳಿದಿದ್ದವು. "ದಂಡಿನವ್ರು ಒಲ್ಲೆ ಅಂದ್ರು, ಯಮಾ ಹೂಂ ಅಂದ ನೋಡಲೇ" ಎಂದು ಹಿಂದೆ ಬರುತ್ತಿದ್ದವರಲ್ಲಿ ಯಾರೋ ಹೇಳಿದರು. ಎಲ್ಲರೂ ನಕ್ಕರು. ಹೆಗಲು ಖಾಲಿ ಇದ್ದಿದ್ದರೆ ಆ ಮಾತನ್ನು ನಾನೇ ಹೇಳುತ್ತಿದ್ದೆ.

ಮಸಣಕ್ಕೆ ಹೋಗುವ ದಾರಿ ನೇಕಾರರ ಓಣಿಯ ಮೂಲಕವೇ. ಆ ಓಣಿಯಲ್ಲಿ ಒಂದು ಪದ್ಧತಿ ಇದೆ: ಯಾರ ಹೆಣವೇ ಆಗಲಿ, ಬಡವನದಾಗಲಿ, ಪರಊರಿನವನದಾಗಲಿ, ಓಣಿಗೆ ಬಂತೆಂದರೆ ಮಗ್ಗಗಳು ನಿಲ್ಲುತ್ತವೆ. ದಾಟಿ ಹೋಗುವವರೆಗೆ ಯಾರೂ ಲಾಳಿ ಮುಟ್ಟುವುದಿಲ್ಲ. ನಾವು ಓಣಿಗೆ ತಿರುಗುತ್ತಲೇ ಮೊದಲ ಮನೆಯ ಮಗ್ಗ ನಿಂತಿತು. ಆಮೇಲೆ ಎದುರಿನದು. ಹಾಗೆ ಒಂದೊಂದಾಗಿ, ಎಡಕ್ಕೆ ಬಲಕ್ಕೆ, ಇಡೀ ಓಣಿ ಸುಮ್ಮನಾಯಿತು.

ಒಂದು ಮಗ್ಗ ನಿಲ್ಲಲಿಲ್ಲ.

ಟಕ್-ಟಕಾ, ಟಕ್-ಟಕಾ. ನೀಲವ್ವನ ಮನೆಯ ಮುಂದೆ ಹೆಗಲು ಬದಲಿಸಲು ನಾವು ಚಟ್ಟ ಹಿಡಿದು ನಿಂತೆವು. ಬಾಗಿಲು ತೆರೆದಿತ್ತು. ಆಕೆಯ ಬೆನ್ನು ಕಾಣುತ್ತಿತ್ತು, ಕೆಂಪು ಸೆರಗು ಕಾಣುತ್ತಿತ್ತು. ನಾನು ಮೈದಾನದಲ್ಲಿ ಓಡುತ್ತ ಗೋಡೆಯ ಹತ್ತಿರ ಬಂದಾಗ ಆಕೆಯ ಬೈಗುಳ ನಿಲ್ಲುತ್ತಿತ್ತಲ್ಲ, ಹಾಗೆ ಎಲ್ಲಾದರೂ ಲಾಳಿ ಒಂದು ಸಲ ತಡೆಯುತ್ತದೆಯೇ ಎಂದು ಕಿವಿಗೊಟ್ಟೆ. ತಡೆಯಲಿಲ್ಲ.

"ಆಕಿಗೆ ಕರಳ ಇಲ್ಲೇನಲೇ," ಎಂದ ಹಿಂದೆ ಹೊತ್ತವನು.

ಈಗಲೂ ಸಂಜೆ ಚಹಾದಂಗಡಿಯಲ್ಲಿ ಯಾರಾದರೂ, "ನೀಲವ್ವನ್ನ ಮಾಡಲೇ ಮಂಗ್ಯಾ, ಭಾಳ ದಿನಾ ಆತು" ಎನ್ನುತ್ತಾರೆ. ನಾನು ಟವೆಲ್ಲು ಹೊದೆಯುವುದಿಲ್ಲ. ಬಸಿ ತೊಳೆದ ಕೈಯನ್ನು ಒರೆಸಿಕೊಂಡು, ಬೆರಳಿನಿಂದ ಬಾಕಿನ ಮೇಲೆ ಬಡಿದು ತೋರಿಸುತ್ತೇನೆ: ಟಕ್-ಟಕಾ, ಟಕ್-ಟಕಾ. ಅಚ್ಚು ಆಕೆಯದೇ. ಯಾರೂ ನಗುವುದಿಲ್ಲ.